ಮರೆಯುವ ಮಕ್ಕಳು, ಮರೆಯದ ದೇವರು



ಸಂಜೆ ಏಳೂವರೆಯ ಹೊತ್ತಿಗೆ ನಮ್ಮ ಅನೇಕ ಮನೆಗಳಲ್ಲಿ ನಡೆಯುವ ಒಂದು ದೃಶ್ಯವನ್ನು ನೀವೆಲ್ಲರೂ ಬಲ್ಲಿರಿ. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು. ಹಜಾರದಲ್ಲಿ ಮಗು ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದೆ. ಒಂದೇ ಸಾಲನ್ನು ಹತ್ತು ಸಲ, ಇಪ್ಪತ್ತು ಸಲ ಹೇಳುತ್ತಿದೆ. ಕೆಲಸ ಮುಗಿಸಿ ಬಂದ ತಂದೆ ಪುಸ್ತಕ ಕೈಗೆ ತೆಗೆದುಕೊಂಡು ಒಂದು ಪ್ರಶ್ನೆ ಕೇಳುತ್ತಾರೆ. ಮಗು ತಡವರಿಸುತ್ತದೆ, ಮೇಲೆ ನೋಡುತ್ತದೆ, ಕೆಳಗೆ ನೋಡುತ್ತದೆ. "ನಿನ್ನೆ ತಾನೇ ಹೇಳಿಕೊಟ್ಟಿದ್ದೆನಲ್ಲೋ! ನಿನ್ನ ತಲೆಯಲ್ಲಿ ಇರುವುದು ಮಿದುಳೋ ಸಗಣಿಯೋ?" ಎಂಬ ಮಾತು ಬಂದುಬಿಡುತ್ತದೆ. ಕೆಲವು ಮನೆಗಳಲ್ಲಿ ಮಾತಿನ ಹಿಂದೆಯೇ ಕೈಯೂ ಬರುತ್ತದೆ. ಆಮೇಲೆ ಅದೇ ಮನೆಯವರು ದೇವರ ಪೀಠದ ಮುಂದೆ ಮೊಣಕಾಲೂರಿ ಜಪಸರ ಮಾಡುತ್ತಾರೆ.

ಮರೆಯುವುದು ಪಾಪವೇ? ಮಗುವಿನ ನೆನಪಿನ ಶಕ್ತಿಯೇ ಮಗುವಿನ ಬೆಲೆಯೇ? ಕಲಿತದ್ದು ಎಲ್ಲಿ ಉಳಿಯುತ್ತದೆ, ಎಲ್ಲಿ ಕಳೆದುಹೋಗುತ್ತದೆ? ಇವು ಶಾಲಾ ಮಾಸ್ತರರು ಮಾತ್ರ ಯೋಚಿಸಬೇಕಾದ ಪ್ರಶ್ನೆಗಳಲ್ಲ. ನಮ್ಮ ವಿಶ್ವಾಸವೇ ನೆನಪಿನ ಮೇಲೆ ನಿಂತಿದೆ. ಸೆರೆಯಾದ ರಾತ್ರಿ ಪ್ರಭು ಯೇಸು ರೊಟ್ಟಿಯನ್ನು ಮುರಿದುಕೊಟ್ಟು, ತಮ್ಮ ಸ್ಮರಣೆಗಾಗಿ ಇದನ್ನು ಮಾಡಬೇಕೆಂದು ಶಿಷ್ಯರಿಗೆ ಹೇಳಿಹೋದರು. ಆದುದರಿಂದ ಈ ವಾರ ನೆನಪಿನ ಬಗ್ಗೆಯೇ ಸ್ವಲ್ಪ ಧ್ಯಾನಿಸೋಣ.

ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳುತ್ತೇನೆ

ಬಹಳ ವರ್ಷಗಳ ಹಿಂದೆ ನಾನು ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಕಲಿಸುತ್ತಿದ್ದೆ. ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುತ್ತಿದ್ದ ಮಕ್ಕಳು. ಪ್ರೇಷಿತರ ವಿಶ್ವಾಸ ಸಂಗ್ರಹ ಬಾಯಿಪಾಠವಾಗಿ ಬರಲೇಬೇಕು ಎಂಬುದು ನನ್ನ ಕಟ್ಟುನಿಟ್ಟು. ಒಬ್ಬ ಹುಡುಗ ಪ್ರತಿ ವಾರವೂ ಒಂದೇ ಜಾಗದಲ್ಲಿ ನಿಲ್ಲುತ್ತಿದ್ದ. ಮೂರನೆಯ ವಾರ ನನಗೆ ಸಿಟ್ಟು ಬಂತು. "ಬರುವವರೆಗೂ ಒಳಗೆ ಬರಬೇಡ" ಎಂದು ಅವನನ್ನು ದೇವಾಲಯದ ಬಾಗಿಲಾಚೆ ನಿಲ್ಲಿಸಿದೆ. ಉಳಿದ ಮಕ್ಕಳು ನಕ್ಕರು. ನಾನೂ ತಡೆಯಲಿಲ್ಲ.

ಮರುವಾರ ಅವನು ಬರಲಿಲ್ಲ. ಅದರ ಮರುವಾರವೂ ಇಲ್ಲ. ಬಲಿಪೂಜೆ ಮುಗಿದ ಮೇಲೆ ಅವನ ತಾಯಿ ನನ್ನನ್ನು ಹುಡುಕಿಕೊಂಡು ಬಂದರು. ಜಗಳಕ್ಕೆ ಬಂದವರಲ್ಲ. ಸೆರಗಿನ ತುದಿ ಹಿಡಿದುಕೊಂಡು, "ಮನೇಲಿ ಪೂರ್ತಿ ಹೇಳ್ತಾನೆ ಮೇಷ್ಟ್ರೇ. ನಿಮ್ಮ ಮುಂದೆ ನಿಂತ್ರೆ ಬಾಯಿ ಕಟ್ಟಿ ಹೋಗುತ್ತೆ ಅಂತಾನೆ" ಎಂದರು. ನಾನು ನಂಬಲಿಲ್ಲ. ಆದರೂ ಆ ಸಂಜೆ ಅವರ ಮನೆಗೆ ಹೋದೆ. ಹುಡುಗ ಜಗಲಿಯ ಮೇಲೆ ಅಜ್ಜಿಯ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ. ಅಜ್ಜಿ ನನ್ನನ್ನು ನೋಡಿಯೂ ನೋಡದವರ ಹಾಗೆ, "ಹೇಳು ಮಗ, ನಂಗೆ ಮರ್ತೋಯ್ತು, ನೀನೇ ಹೇಳ್ಕೊಡು" ಎಂದರು. ಹುಡುಗ ಕಾಯಿ ಬಿಡಿಸುತ್ತಲೇ, ತಲೆ ಎತ್ತದೆಯೇ, ವಿಶ್ವಾಸ ಸಂಗ್ರಹವನ್ನು ಮೊದಲಿಂದ ಕೊನೆಯವರೆಗೂ ಹೇಳಿಬಿಟ್ಟ. ಎಲ್ಲಿಯೂ ನಿಲ್ಲಲಿಲ್ಲ.

ಅವನಿಗೆ ನೆನಪಿತ್ತು. ಬಾಗಿಲು ಮುಚ್ಚಿದವನು ನಾನು. ಅಂದು ನಾನು ಅವನ ಕ್ಷಮೆ ಕೇಳಿದೆ. ಆ ವರ್ಷ ಅವನು ಉಳಿದವರ ಜೊತೆಯಲ್ಲೇ ಪರಮಪ್ರಸಾದ ಸ್ವೀಕರಿಸಿದ. ಈ ಕತೆಗೆ ಇನ್ನೂ ಒಂದು ಭಾಗ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಸಂತ ಅಗಸ್ಟೀನರು ಕಲಿತ ಎರಡು ಭಾಷೆಗಳು

ಬೆತ್ತದ ಭಯದಲ್ಲಿ ಕಲಿತ ಮಕ್ಕಳಲ್ಲಿ ಒಬ್ಬರು ಮುಂದೆ ಧರ್ಮಸಭೆಯ ಮಹಾ ಪಂಡಿತರಾದರು. ಸಂತ ಅಗಸ್ಟೀನರು ಕ್ರಿ.ಶ. 354ರಲ್ಲಿ ಇಂದಿನ ಆಲ್ಜೀರಿಯ ದೇಶದ ತಗಾಸ್ತೆ ಎಂಬ ಊರಿನಲ್ಲಿ ಹುಟ್ಟಿದರು. ಕ್ರಿ.ಶ. 400ರ ಸುಮಾರಿಗೆ ಬರೆದ ತಮ್ಮ 'ಕನ್ಫೆಷನ್ಸ್' ಗ್ರಂಥದ ಮೊದಲ ಭಾಗದಲ್ಲಿ ಅವರು ತಮ್ಮ ಶಾಲೆಯ ದಿನಗಳನ್ನು ನೆನೆಯುತ್ತಾರೆ. ಶಾಲೆಯಲ್ಲಿ ಏಟು ಬೀಳದಿರಲಿ ಎಂಬುದೇ ಅವರ ಬಾಲ್ಯದ ದೊಡ್ಡ ಪ್ರಾರ್ಥನೆಯಾಗಿತ್ತು. ಏಟು ತಿಂದು ಬಂದ ಮಗುವನ್ನು ನೋಡಿ ದೊಡ್ಡವರು ನಗುತ್ತಿದ್ದರು. ಹೆತ್ತವರೂ ನಕ್ಕರು ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಆ ಹೆತ್ತವರಲ್ಲಿ ಒಬ್ಬರು ಸಂತ ಮೋನಿಕರು ಎಂಬುದನ್ನು ನಾವು ಗಮನಿಸಬೇಕು. ಪುಣ್ಯವಂತ ತಾಯಂದಿರೂ ಈ ವಿಷಯದಲ್ಲಿ ತಪ್ಪಬಹುದು.

ಅಲ್ಲಿಯೇ ಅವರು ಇನ್ನೊಂದು ಮಾತನ್ನೂ ಹೇಳುತ್ತಾರೆ. ಗ್ರೀಕ್ ಭಾಷೆಯನ್ನು ಗದರಿಕೆ, ಶಿಕ್ಷೆಗಳ ನಡುವೆ ಕಲಿಯಬೇಕಾಯಿತು. ಅದು ಅವರಿಗೆ ಒಗ್ಗಲೇ ಇಲ್ಲ. ಲತೀನ್ ಭಾಷೆಯನ್ನೋ, ಎತ್ತಿ ಆಡಿಸಿದ ದಾದಿಯರ ಮುದ್ದಿನ ನಡುವೆ, ಮನೆಯವರ ನಗು ಆಟಗಳ ನಡುವೆ, ಯಾರ ಭಯವೂ ಇಲ್ಲದೆ ಕಲಿತರು. ಅದೇ ಲತೀನಿನಲ್ಲಿ ಅವರು ಬರೆದದ್ದನ್ನು ಹದಿನಾರು ಶತಮಾನ ಕಳೆದ ಮೇಲೂ ಜಗತ್ತು ಓದುತ್ತಿದೆ. ಕಲಿತ ತಲೆ ಒಂದೇ. ಕಲಿಸಿದ ರೀತಿ ಬೇರೆ.

ಇಂದಿನ ವಿಜ್ಞಾನ ಇದಕ್ಕೆ ಕಾರಣವನ್ನೂ ತೋರಿಸಿದೆ. ಹೆದರಿದಾಗ ನಮ್ಮ ಶರೀರದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಒಳಗೆ ಇರುವ ನೆನಪನ್ನು ಹೊರಗೆ ತರುವ ಕೆಲಸಕ್ಕೆ ಅದು ಅಡ್ಡಿಯಾಗುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ಬಾರದ ಉತ್ತರ ಹೊರಗೆ ಬಂದು ಮರದ ಕೆಳಗೆ ನಿಂತಾಗ ಥಟ್ಟನೆ ಹೊಳೆಯುವುದನ್ನು ನಾವು ಅನುಭವಿಸಿಲ್ಲವೇ? ಆದರೆ ಹೆದರಿಸಿದ ಆ ಗಳಿಗೆ ಮಾತ್ರ ಮನಸ್ಸಿನಲ್ಲಿ ಆಳವಾಗಿ ಅಚ್ಚೊತ್ತುತ್ತದೆ. ಹೊಡೆದು ಕಲಿಸಿದರೆ ಪಾಠ ಮರೆತುಹೋಗಬಹುದು, ಹೊಡೆದದ್ದು ಮರೆಯುವುದಿಲ್ಲ.

ಮರೆವು ಎಲ್ಲರ ಪಾಲಿನದು

ಇನ್ನು ಮರೆವಿನ ವಿಷಯ. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ನೆನಪಿನ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು ಬೇರೆ ಯಾರನ್ನೂ ಅಲ್ಲ, ತಮ್ಮನ್ನೇ. ಅರ್ಥವಿಲ್ಲದ ಪುಟ್ಟ ಪುಟ್ಟ ಅಕ್ಷರಗುಂಪುಗಳ ಪಟ್ಟಿಗಳನ್ನು ಮಾಡಿಕೊಂಡು ತಪ್ಪಿಲ್ಲದೆ ಬಾಯಿಪಾಠ ಮಾಡುವರು. ಸ್ವಲ್ಪ ಸಮಯ ಬಿಟ್ಟು ಮತ್ತೆ ಅದನ್ನೇ ಕಲಿಯಲು ಎಷ್ಟು ಶ್ರಮ ಉಳಿತಾಯವಾಯಿತೆಂದು ಅಳೆಯುವರು. 20 ನಿಮಿಷ ಕಳೆದಾಗ ಉಳಿತಾಯ ಶೇಕಡಾ 58ಕ್ಕೆ ಇಳಿದಿತ್ತು. ಒಂದು ಗಂಟೆಗೆ 44. ಒಂದು ದಿನಕ್ಕೆ 34ರಷ್ಟು. ಒಂದು ತಿಂಗಳಿಗೆ 21.

ಅಂದರೆ, ಅರ್ಥವಾಗದೆ ಉರು ಹೊಡೆದದ್ದರಲ್ಲಿ ಬಹುಪಾಲು ಮೊದಲ ದಿನವೇ ಸೋರಿಹೋಗುತ್ತದೆ. ಪಂಡಿತರದೂ ಸೋರುತ್ತದೆ, ನಮ್ಮ ಮಕ್ಕಳದೂ ಸೋರುತ್ತದೆ. "ನಿನ್ನೆ ತಾನೇ ಹೇಳಿಕೊಟ್ಟಿದ್ದೆ" ಎಂದು ನಾವು ಗದರುವಾಗ, ದೇವರು ಮನುಷ್ಯನ ಮಿದುಳನ್ನು ಸೃಷ್ಟಿಸಿರುವ ರೀತಿಯನ್ನೇ ಗದರುತ್ತಿದ್ದೇವೆ. ಆದರೆ ಈ ಲೆಕ್ಕದಲ್ಲಿ ಒಂದು ಸಮಾಧಾನವೂ ಇದೆ. ತಿಂಗಳು ಕಳೆದರೂ ಐದರಲ್ಲಿ ಒಂದು ಭಾಗದ ಶ್ರಮ ಉಳಿದೇ ಇತ್ತು. ಪೂರ್ತಿ ಮರೆತೆ ಎಂದುಕೊಂಡದ್ದೂ ಪೂರ್ತಿ ಹೋಗಿರುವುದಿಲ್ಲ. ಅಗಸ್ಟೀನರು 'ಕನ್ಫೆಷನ್ಸ್'ನ ಹತ್ತನೆಯ ಭಾಗದಲ್ಲಿ, ಕಳೆದುಹೋದ ನಾಣ್ಯವನ್ನು ದೀಪ ಹಚ್ಚಿ ಹುಡುಕಿದ ಹೆಂಗಸಿನ ಸಾಮತಿಯನ್ನು (ಲೂಕ 15:8) ಇದೇ ಅರ್ಥದಲ್ಲಿ ಎತ್ತಿಕೊಳ್ಳುತ್ತಾರೆ. ನಾಣ್ಯದ ನೆನಪು ಅವಳಲ್ಲಿ ಇಲ್ಲದೇ ಇದ್ದಿದ್ದರೆ, ಸಿಕ್ಕಾಗ ಅದೇ ತನ್ನ ನಾಣ್ಯವೆಂದು ಗುರುತಿಸುವುದು ಹೇಗೆ?

ಇನ್ನೊಂದು ಮಿತಿಯೂ ನಮಗಿದೆ. ಒಂದು ಗಳಿಗೆಯಲ್ಲಿ ಮನಸ್ಸು ಹಿಡಿದುಕೊಳ್ಳಬಲ್ಲದ್ದು ಬಹಳ ಕಡಿಮೆ. 1956ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ಅದನ್ನು ಸುಮಾರು ಏಳು ವಿಷಯ ಎಂದರು. 2001ರಲ್ಲಿ ನೆಲ್ಸನ್ ಕೋವನ್ ಎಂಬ ಇನ್ನೊಬ್ಬರು, ಏಳೂ ಇಲ್ಲ, ಸುಮಾರು ನಾಲ್ಕು ಎಂದು ತೋರಿಸಿದರು. ಬೊಗಸೆಯಲ್ಲಿ ಹಿಡಿಯುವಷ್ಟೇ ನೀರು. ಟಿ.ವಿ. ಓಡುತ್ತಿರುವ ಕೋಣೆಯಲ್ಲಿ, ಮೊಬೈಲ್ ಗಳಿಗೆಗೊಮ್ಮೆ ಸದ್ದು ಮಾಡುವ ಮೇಜಿನ ಮೇಲೆ, ಮಗುವಿನ ಬೊಗಸೆಯಲ್ಲಿ ಪಾಠಕ್ಕೆ ಜಾಗ ಎಲ್ಲಿ ಉಳಿದೀತು? ಗಮನ ಕೊಡದ ವಿಷಯ ಮರೆತುಹೋಗುವುದಿಲ್ಲ. ಅದು ಒಳಗೆ ಬಂದೇ ಇರುವುದಿಲ್ಲ.

ಮೋಶೆ ಹೇಳಿಕೊಟ್ಟ ಪಾಠಕ್ರಮ

ಹಾಗಾದರೆ ನೆನಪು ಉಳಿಯುವುದು ಹೇಗೆ? ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯವನ್ನು ತೆರೆಯಿರಿ. ದೇವರ ಆಜ್ಞೆಗಳನ್ನು ಮಕ್ಕಳಿಗೆ ಕಲಿಸಬೇಕೆಂದು ಮೋಶೆ ಇಸ್ರಯೇಲರಿಗೆ ಹೇಳುತ್ತಾನೆ. ಯಾವಾಗ? ಮನೆಯಲ್ಲಿ ಕುಳಿತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ (6:7). ಒಂದೇ ದಿನ ಕೂರಿಸಿ ಇಡೀ ಧರ್ಮಶಾಸ್ತ್ರವನ್ನು ತುಂಬಿರಿ ಎಂದು ಹೇಳಲಿಲ್ಲ. ಸ್ವಲ್ಪ ಸ್ವಲ್ಪವಾಗಿ, ಬಿಟ್ಟು ಬಿಟ್ಟು, ದಿನದ ಕೆಲಸಗಳ ನಡುವೆಯೇ ಕಲಿಸಬೇಕು.

ಎಬ್ಬಿಂಗ್‌ಹೌಸರ ಲೆಕ್ಕವೂ ಇದನ್ನೇ ಹೇಳಿತು. ಒಂದೇ ದಿನ 68 ಸಲ ಓದಿ ಪಡೆದ ಫಲವನ್ನು, ಮೂರು ದಿನಗಳಿಗೆ ಹಂಚಿಕೊಂಡಾಗ 38 ಸಲ ಓದಿಯೇ ಅವರು ಪಡೆದರು. ಗಿಡಕ್ಕೆ ವಾರದ ನೀರನ್ನು ಒಂದೇ ದಿನ ಸುರಿದರೆ ಹರಿದುಹೋಗುತ್ತದೆ. ದಿನಕ್ಕೊಂದು ಚೊಂಬು ಹಾಕಿದರೆ ಬೇರಿಗೆ ಇಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಮಗುವನ್ನು ಎಚ್ಚರವಾಗಿ ಕೂರಿಸುವ ತಂದೆತಾಯಂದಿರು ಇದನ್ನು ಗಮನಿಸಲಿ. ನಿದ್ದೆಯೂ ಕಲಿಕೆಯ ಒಂದು ಭಾಗ. ಹಗಲು ಕಲಿತದ್ದನ್ನು ಮಿದುಳು ಭದ್ರಪಡಿಸಿಕೊಳ್ಳುವ ಕೆಲಸ ನಾವು ಮಲಗಿರುವಾಗಲೂ ನಡೆಯುತ್ತಿರುತ್ತದೆ. 1924ರಷ್ಟು ಹಿಂದೆಯೇ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಅಮೆರಿಕದ ಸಂಶೋಧಕರು, ಕಲಿತ ಮೇಲೆ ನಿದ್ದೆ ಮಾಡಿದವರು ಎಚ್ಚರವಿದ್ದವರಿಗಿಂತ ಕಡಿಮೆ ಮರೆಯುವುದನ್ನು ಕಂಡಿದ್ದರು.

ಆ ಅಜ್ಜಿ ಮಾಡಿದ್ದನ್ನು ನೆನಪಿಸಿಕೊಳ್ಳಿ. "ನಂಗೆ ಮರ್ತೋಯ್ತು, ನೀನೇ ಹೇಳ್ಕೊಡು" ಎಂದರು. ಅಕ್ಷರ ಬಾರದ ಆಕೆ ಕಲಿಕೆಯ ಒಂದು ದೊಡ್ಡ ಗುಟ್ಟನ್ನು ಬಲ್ಲವರಾಗಿದ್ದರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನು ಎರಡು ಸಲ ಓದಿದರು. ಕೆಲವರು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು: ಶೇಕಡಾ 81ಕ್ಕೆ 75. ಆದರೆ ಒಂದು ವಾರದ ಮೇಲೆ ಕೇಳಿದಾಗ ಓದಿದವರಲ್ಲಿ ಉಳಿದದ್ದು ಶೇಕಡಾ 42. ಪುಸ್ತಕ ಮುಚ್ಚಿ ನೆನಪಿಸಿಕೊಂಡವರಲ್ಲಿ 56. ನೆನಪಿಸಿಕೊಳ್ಳುವ ಪ್ರಯತ್ನವೇ ನೆನಪನ್ನು ಬಲಪಡಿಸುತ್ತದೆ. ಹಾಗೆಂದು ಮಗುವನ್ನು ವಿಚಾರಣೆ ಮಾಡುವವರ ಹಾಗೆ ಕೇಳಬೇಡಿ, ಕಲಿಯಲು ಬಂದವರ ಹಾಗೆ ಕೇಳಿ. "ನಿಮ್ಮ ಮಿಸ್ ಇವತ್ತು ಏನು ಹೇಳಿದರು, ನನಗೂ ಹೇಳು ಪುಟ್ಟ" ಎಂದು ಅಮ್ಮ ಚಪಾತಿ ಲಟ್ಟಿಸುತ್ತಾ ಕೇಳಿದರೆ ಸಾಕು. ತಪ್ಪಿದರೆ ಮೆಲ್ಲಗೆ ತಿದ್ದಿ. ನಾಳೆ ಮತ್ತೆ ಕೇಳಿ.

ವಿದ್ಯಾರ್ಥಿಗಳ ಪಾಲಕರಾದ ಸಂತ ತೋಮಾಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ನೆನಪಿನ ಬಗ್ಗೆ ಬರೆದಿದ್ದಾರೆ. ವಿವೇಕವೆಂಬ ಸದ್ಗುಣದ ಅಂಗಗಳಲ್ಲಿ ಅವರು ನೆನಪನ್ನೂ ಸೇರಿಸಿದರು. ಅನುಭವವನ್ನು ನೆನಪಿಡದವನು ವಿವೇಕಿಯಾಗಲಾರ. ನೆನಪನ್ನು ಬೆಳೆಸಿಕೊಳ್ಳಲು ಅವರು ಕೊಟ್ಟ ದಾರಿಗಳು ನಾಲ್ಕು. ಕಲಿಯಬೇಕಾದದ್ದಕ್ಕೆ ಕಣ್ಣಿಗೆ ಕಟ್ಟುವಂಥ, ಸ್ವಲ್ಪ ಅಪರೂಪದ ಒಂದು ಚಿತ್ರವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಎಲ್ಲವನ್ನೂ ಒಂದು ಕ್ರಮದಲ್ಲಿ ಜೋಡಿಸಿಕೊಳ್ಳಬೇಕು. ಕಲಿಯುವ ವಿಷಯದಲ್ಲಿ ಅಕ್ಕರೆ ಇರಬೇಕು. ಅದನ್ನು ಆಗಾಗ್ಗೆ ಮೆಲುಕು ಹಾಕಬೇಕು.

ಪ್ರಿಯರೇ, ಈ ನಾಲ್ಕೂ ನಮ್ಮ ಜಪಸರದಲ್ಲಿ ಇವೆ. ಒಂದೊಂದು ರಹಸ್ಯಕ್ಕೂ ಒಂದೊಂದು ಚಿತ್ರ: ಗೋದಲಿ, ಕಂಬ, ಮುಳ್ಳಿನ ಕಿರೀಟ, ಬರಿದಾದ ಸಮಾಧಿ. ಎಣಿಸಲು ಮಣಿಗಳ ಕ್ರಮ. ತಾಯಿಯ ಮೇಲಿನ ಅಕ್ಕರೆ. ದಿನದಿನವೂ ಮೆಲುಕು. ಓದು ಬಾರದ ನಮ್ಮ ಹಿರಿಯರು ಪ್ರಭುವಿನ ಜೀವನಚರಿತ್ರೆಯನ್ನು ಮಕ್ಕಳಿಗೆ ದಾಟಿಸಿದ್ದು ಹೀಗೆಯೇ. 2002ರಲ್ಲಿ ಪೋಪ್ ದ್ವಿತೀಯ ಜಾನ್ ಪೌಲರು ಬೆಳಕಿನ ರಹಸ್ಯಗಳನ್ನು ಸೇರಿಸಿದ ಮೇಲೆ ರಹಸ್ಯಗಳು ಇಪ್ಪತ್ತಾದವು. ಆದರೆ ಚಿತ್ರವನ್ನು ಬಿಟ್ಟು ತುಟಿ ಮಾತ್ರ ಆಡಿಸಿದರೆ ಜಪಸರವೂ ಗಿಣಿಪಾಠವೇ. ಬಾಯಿಪಾಠ ತಪ್ಪಲ್ಲ, ಅರ್ಥವಿಲ್ಲದ ಬಾಯಿಪಾಠ ನಿಲ್ಲುವುದಿಲ್ಲ. ಆದುದರಿಂದಲೇ ವಿಮೋಚನಕಾಂಡದಲ್ಲಿ, ಪಾಸ್ಖ ಆಚರಣೆಯ ಅರ್ಥವೇನೆಂದು ಮಕ್ಕಳು ಕೇಳಿದಾಗ ಹೆತ್ತವರು ಉತ್ತರಿಸಬೇಕೆಂದು ಹೇಳಿದೆ (12:26-27). ಮಗು ಪ್ರಶ್ನೆ ಕೇಳಲಿ. ಕೇಳಿದ ಮಗು ಮರೆಯುವುದು ಕಡಿಮೆ.

ನೋವಿನ ನೆನಪು

ಈಗ ನನ್ನ ಕತೆಯ ಉಳಿದ ಭಾಗ. ಅನೇಕ ವರ್ಷಗಳ ಮೇಲೆ ಒಂದು ಮದುವೆಯಲ್ಲಿ ಆ ಹುಡುಗ ಸಿಕ್ಕಿದ. ಈಗ ಅವನೇ ಎರಡು ಮಕ್ಕಳ ತಂದೆ. ಕೈ ಮುಗಿದು, ನಗುತ್ತಲೇ ಮಾತನಾಡಿಸಿದ. ಆಮೇಲೆ, "ಮೇಷ್ಟ್ರೇ, ಅವತ್ತು ಆ ಜೋರು ಮಳೇಲಿ ನನ್ನ ಹೊರಗೆ ನಿಲ್ಲಿಸಿದ್ರಲ್ಲ, ಇನ್ನೂ ಮರೆತಿಲ್ಲ ನೋಡಿ" ಎಂದ. ನನ್ನ ನೆನಪಿನಲ್ಲಿ ಅಂದು ಮಳೆ ಇರಲಿಲ್ಲ. "ನಾನು ನಿಮ್ಮ ಮನೆಗೆ ಬಂದಿದ್ದೆನಲ್ಲಪ್ಪಾ, ಅಜ್ಜಿಯ ಮುಂದೆ ನಿನ್ನ ಹತ್ತಿರ ತಪ್ಪಾಯ್ತು ಅಂದಿದ್ದೆ" ಎಂದೆ. ಅವನು ಬಹಳ ಹೊತ್ತು ಯೋಚಿಸಿದ. "ಅದು ನೆನಪಿಲ್ಲ ಮೇಷ್ಟ್ರೇ" ಎಂದ.

ಮಳೆ ಬಂದಿತ್ತೋ ಇಲ್ಲವೋ ನಮ್ಮಿಬ್ಬರಲ್ಲಿ ಯಾರೂ ಇನ್ನು ಸಾಧಿಸಲಾರೆವು. ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ. ಪ್ರತಿ ಸಲ ನೆನೆಯುವಾಗಲೂ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ. ಕಟ್ಟುವಾಗ ಆಮೇಲೆ ಕೇಳಿದ ಮಾತು, ಆಮೇಲೆ ಪಟ್ಟ ನೋವು ಎಲ್ಲವನ್ನೂ ಬೆರೆಸುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬುವರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದು ಚಿಕ್ಕ ಚಿತ್ರ ತೋರಿಸಿದರು. ಕೆಲವರನ್ನು, ಕಾರುಗಳು ಒಂದಕ್ಕೊಂದು ತಾಗಿದಾಗ ಎಷ್ಟು ವೇಗ ಇತ್ತು ಎಂದು ಕೇಳಿದರು. ಕೆಲವರನ್ನು, ಅಪ್ಪಳಿಸಿದಾಗ ಎಷ್ಟು ವೇಗ ಇತ್ತು ಎಂದು ಕೇಳಿದರು. ಒಂದು ವಾರದ ಮೇಲೆ ಎಲ್ಲರನ್ನೂ ಕೇಳಿದ್ದು ಒಂದೇ: ಒಡೆದ ಗಾಜು ನೋಡಿದಿರಾ? ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೂ 'ಅಪ್ಪಳಿಸಿದಾಗ' ಎಂದು ಕೇಳಿಸಿಕೊಂಡ 50 ಮಂದಿಯಲ್ಲಿ 16 ಮಂದಿ ನೋಡಿದೆವು ಎಂದರು. 'ತಾಗಿದಾಗ' ಎಂದು ಕೇಳಿಸಿಕೊಂಡ 50 ಮಂದಿಯಲ್ಲಿ ಹಾಗೆಂದವರು 7. ಒಂದೇ ಒಂದು ಮಾತು, ನೆನಪಿನೊಳಗೆ ಗಾಜನ್ನು ಒಡೆಯಿತು.

ನಮ್ಮ ಮನೆಗಳ ಜಗಳಗಳನ್ನು ಯೋಚಿಸಿ. ಹದಿನೈದು ವರ್ಷದ ಹಿಂದೆ ಪಾಲಾಗುವಾಗ ಅಣ್ಣ ಏನೆಂದ, ಅತ್ತಿಗೆ ಹೇಗೆ ನೋಡಿದಳು, ಬಾಣಂತನಕ್ಕೆ ಯಾರು ಬರಲಿಲ್ಲ ಎಂದು ಎರಡೂ ಕಡೆಯವರು ಬೈಬಲ್ ಮುಟ್ಟಿ ಹೇಳಲು ಸಿದ್ಧ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ನೆನಪಿನಲ್ಲೂ ಇಷ್ಟಿಷ್ಟು ಒಡೆದ ಗಾಜು ಸೇರಿಕೊಂಡಿದೆ. "ನನಗೆ ಚೆನ್ನಾಗಿ ನೆನಪಿದೆ" ಎಂಬ ಮಾತನ್ನು ಸ್ವಲ್ಪ ವಿನಯದಿಂದ ಆಡಲು ಕಲಿತರೆ ಎಷ್ಟೋ ಮನೆಗಳ ಬಾಗಿಲು ಮತ್ತೆ ತೆರೆದೀತು. ನಿಜವಾಗಿಯೂ ಅನ್ಯಾಯವಾಗಿದ್ದರೆ, ಅದನ್ನು ಮರೆತುಬಿಡಿ ಎಂದು ನಾನು ಹೇಳಲಾರೆ. ಮರೆಯುವುದು ನಮ್ಮ ಕೈಯಲ್ಲಿಲ್ಲ. ಕ್ಷಮಿಸುವುದು ಇದೆ. ಪುನರುತ್ಥಾನರಾದ ಪ್ರಭು ಶಿಷ್ಯರಿಗೆ ಕಾಣಿಸಿಕೊಂಡಾಗ ಅವರ ಕೈಗಳಲ್ಲಿ ಗಾಯದ ಗುರುತುಗಳು ಇದ್ದೇ ಇದ್ದವು. ಆದರೆ ಅವರ ಮೊದಲ ಮಾತು ಶಾಂತಿಯ ಮಾತು.

ಆ ಮದುವೆಮನೆಯಲ್ಲಿ, ಎರಡನೆಯ ಸಲ, ನಾನು ಅವನ ಕ್ಷಮೆ ಕೇಳಿದೆ. ಈ ಸಲವಾದರೂ ಅವನಿಗೆ ನೆನಪಿರಲಿ ಎಂದು ಪ್ರಾರ್ಥಿಸುತ್ತೇನೆ.

ಮರೆಯುತ್ತಿರುವ ಹಿರಿಯರು

ಮಕ್ಕಳ ಮರೆವಿಗೆ ಸಿಟ್ಟಾಗುವ ನಾವು ಹಿರಿಯರ ಮರೆವಿಗೆ ಇನ್ನೂ ಬೇಗ ಸಿಟ್ಟಾಗುತ್ತೇವೆ. "ಈಗ ತಾನೇ ಊಟ ಮಾಡಿದಿರಲ್ಲಮ್ಮಾ, ಎಷ್ಟು ಸಲ ಹೇಳುವುದು?" ಎಂದು ರೇಗುತ್ತೇವೆ. ಆಲ್‌ಝೈಮರ್ ಕಾಯಿಲೆ ಮೊದಲು ಕೈಹಾಕುವ ಜಾಗಗಳಲ್ಲಿ ಹಿಪೊಕ್ಯಾಂಪಸ್ ಎಂಬುದು ಒಂದು. ಮಿದುಳಿನ ಎರಡೂ ಪಕ್ಕದಲ್ಲಿ ಒಳಗಡೆ ಇರುವ ಪುಟ್ಟ ಭಾಗ ಅದು. ಹೊಸ ನೆನಪುಗಳು ಬರೆಯಲ್ಪಡುವುದು ಅದರ ಸಹಾಯದಿಂದ. ಆದುದರಿಂದಲೇ ಅಮ್ಮನಿಗೆ ತನ್ನ ತವರಿನ ಬಾವಿ ನೆನಪಿರುತ್ತದೆ, ಮಧ್ಯಾಹ್ನದ ಊಟ ನೆನಪಿರುವುದಿಲ್ಲ.

ಈ ಭಾಗದ ಮಹತ್ವವನ್ನು ಜಗತ್ತಿಗೆ ತಿಳಿಸಿದವರು ಅಮೆರಿಕದ ಹೆನ್ರಿ ಮೊಲೈಸನ್. ಮೂರ್ಛೆರೋಗದಿಂದ ನರಳುತ್ತಿದ್ದ ಅವರಿಗೆ 1953ರಲ್ಲಿ, 27ರ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಎರಡೂ ಪಕ್ಕದ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸ ನೆನಪು ನಿಲ್ಲುವುದೇ ನಿಂತಿತು. ವರ್ಷಗಟ್ಟಲೆ ತಮ್ಮನ್ನು ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಎಂಬ ವಿದ್ವಾಂಸೆಯನ್ನು ಪ್ರತಿ ಸಲವೂ ಹೊಸಬರನ್ನು ನೋಡುವಂತೆ ನೋಡುತ್ತಿದ್ದರು. ಒಮ್ಮೆ ಮಿಲ್ನರ್ ಅವರಿಗೆ, ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವರ ಕೈ ಪಳಗುತ್ತಾ ಹೋಯಿತು. ತಾನು ಹಿಂದೆ ಅದನ್ನು ಮಾಡಿದ್ದೇನೆ ಎಂಬ ನೆನಪು ಮಾತ್ರ ಇರಲಿಲ್ಲ. ಮನಸ್ಸಿಗೆ ತಿಳಿಯದೆ ಕೈ ಕಲಿತಿತ್ತು. ನೆನಪು ಒಂದೇ ಬಗೆಯದಲ್ಲ ಎಂಬುದು ಅವರಿಂದ ತಿಳಿಯಿತು. 2008ರಲ್ಲಿ, 82ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅಷ್ಟು ವರ್ಷ ತಾಳ್ಮೆಯಿಂದ ಪರೀಕ್ಷೆಗಳಿಗೆ ಕುಳಿತ ಆ ಮನುಷ್ಯನಿಗೆ ನಾವೆಲ್ಲರೂ ಋಣಿಗಳು.

ಮಗನ ಹೆಸರನ್ನು ಮರೆತ ಅಜ್ಜಿ, ಯಾರಾದರೂ ಜಪಸರ ಆರಂಭಿಸಿದರೆ ಜೊತೆಗೂಡುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಬಾಲ್ಯದಲ್ಲಿ ಕಲಿತು ಸಾವಿರಾರು ಸಲ ಹೇಳಿದ ಪ್ರಾರ್ಥನೆ, ಹಾಡು, ಶಿಲುಬೆಯ ಗುರುತು ಹಾಕುವ ಕೈ - ಇವು ಎಷ್ಟೋ ಮಂದಿಯಲ್ಲಿ ಬಹಳ ಕಾಲ ಉಳಿಯುತ್ತವೆ. ಆದುದರಿಂದ ಅವರ ಮುಂದೆ "ನಾನು ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ನಡೆಸಬೇಡಿ. "ಅಮ್ಮಾ, ನಾನು ನಿನ್ನ ಮಗ" ಎಂದು ನೀವೇ ಹೇಳಿ. ಪಕ್ಕದಲ್ಲಿ ಕೂತು ಅವರಿಗೆ ಗೊತ್ತಿರುವ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ. ಆ ಜಪವೂ ಒಂದು ದಿನ ಮರೆಯಬಹುದು. ಆಗ ಅವರ ಬದಲು ನೀವು ಹೇಳಿ. ಅವರು ನಮ್ಮ ಬದಲು ನೆನಪಿಟ್ಟುಕೊಂಡ ಕಾಲವೊಂದಿತ್ತು: ನಮ್ಮ ಮೊದಲ ಹೆಜ್ಜೆ, ನಮ್ಮ ಮೊದಲ ಮಾತು ನಮಗೇನು ನೆನಪಿದೆಯೇ? ಅದು ಇದ್ದದ್ದು ತಾಯಿಯ ನೆನಪಿನಲ್ಲಿ ಮಾತ್ರ.

ನಮ್ಮನ್ನು ನೆನೆಯುವವರು

ಶುಭಸಂದೇಶದಲ್ಲಿ ಪೇತ್ರನು ಮರೆಯುತ್ತಾನೆ. ಪ್ರಭು ಎಚ್ಚರಿಸಿದ್ದ ಮಾತು, ಚಳಿಕಾಯಿಸುವ ಬೆಂಕಿಯ ಮುಂದೆ ಭಯ ಹಿಡಿದ ಗಳಿಗೆಯಲ್ಲಿ, ಅವನಿಗೆ ನೆನಪಾಗುವುದಿಲ್ಲ. ಕೋಳಿ ಕೂಗಿತು, ಪ್ರಭು ತಿರುಗಿ ಅವನನ್ನು ನೋಡಿದರು, ಆಗ ನೆನಪಾಯಿತು (ಲೂಕ 22:60-62). ಪ್ರಭು ಅಲ್ಲಿ ಗದರಲಿಲ್ಲ, ನೋಡಿದರಷ್ಟೇ. ಆ ನೋಟ ಪೇತ್ರನಿಗೆ ಮರೆತದ್ದನ್ನು ಹಿಂದಿರುಗಿಸಿತು. ನಮ್ಮ ಮಕ್ಕಳು ತಡವರಿಸುವಾಗ ನಾವು ಅವರನ್ನು ಯಾವ ಕಣ್ಣಿನಿಂದ ನೋಡುತ್ತೇವೆ?

ಮಾತೆ ಮರಿಯ ಎಲ್ಲವನ್ನೂ ಹೃದಯದಲ್ಲಿಟ್ಟುಕೊಂಡು ಧ್ಯಾನಿಸುತ್ತಿದ್ದರೆಂದು ಲೂಕನು ಎರಡು ಸಲ ಹೇಳುತ್ತಾನೆ (2:19, 51). ಶಿಷ್ಯರು ಮರೆಯುವವರೆಂದು ಪ್ರಭುವಿಗೆ ಗೊತ್ತಿತ್ತು. ತಾವು ಹೇಳಿದ್ದನ್ನೆಲ್ಲ ಪವಿತ್ರಾತ್ಮ ಅವರಿಗೆ ನೆನಪಿಸುವರೆಂದು ವಾಗ್ದಾನ ಮಾಡಿದರು (ಯೊವಾನ್ನ 14:26). ಹೆತ್ತ ತಾಯಿಯೇ ಕೂಸನ್ನು ಮರೆತರೂ ತಾನು ಮರೆಯುವುದಿಲ್ಲವೆಂದು ಸರ್ವೇಶ್ವರ ಯೆಶಾಯನ ಬಾಯಿಂದ ಹೇಳಿಸಿದರು (49:15). ಬಲಿಪೂಜೆಯಲ್ಲಿ ನಾವು ಪ್ರಭುವನ್ನು ನೆನೆಯುತ್ತೇವೆ, ಪರೀಕ್ಷೆಯಲ್ಲಿ ಉತ್ತರ ನೆನೆಯುವ ಹಾಗಲ್ಲ. ನಾವು ನೆನೆಯುವವರು ಅಲ್ಲಿಯೇ ನಮ್ಮ ಮುಂದೆ ಇರುತ್ತಾರೆ.

ಈ ವಾರ ನಿಮ್ಮ ಮನೆಯಲ್ಲಿ ಮೂರು ಕೆಲಸ ಮಾಡಿನೋಡಿ. ಸಂಜೆ ಅರ್ಧ ಗಂಟೆ ಟಿ.ವಿ. ಮತ್ತು ಮೊಬೈಲುಗಳನ್ನು ಆರಿಸಿ, ಮಗುವಿನಿಂದ ಅಂದಿನ ಪಾಠವನ್ನು ನೀವು ಹೇಳಿಸಿಕೊಳ್ಳಿ. ಮರೆಯುವ ಹಿರಿಯರ ಪಕ್ಕದಲ್ಲಿ ಕೂತು ಒಂದು ಹತ್ತು ಮಣಿ ಜಪ ಮಾಡಿ. ಬಹಳ ದಿನದಿಂದ ಹೊತ್ತುಕೊಂಡಿರುವ ಒಂದು ಹಳೆಯ ಮಾತನ್ನು, ಅದರಲ್ಲಿ ನನ್ನ ಪಾಲಿನ ಗಾಜು ಎಷ್ಟಿದೆಯೋ ಎಂದು ಕೇಳಿಕೊಂಡು, ದೇವರ ಪೀಠದ ಮುಂದೆ ಇಳಿಸಿ.

ನಮ್ಮ ಮಕ್ಕಳು ದೊಡ್ಡವರಾದ ಮೇಲೆ ಹಜಾರದ ಆ ಸಂಜೆಗಳಲ್ಲಿ ಓದಿದ ಪಾಠಗಳಲ್ಲಿ ಬಹಳಷ್ಟನ್ನು ಮರೆಯುತ್ತಾರೆ. ಯಾರ ಪಕ್ಕದಲ್ಲಿ ಕೂತು ಓದಿದೆವು, ಅವರು ನಮ್ಮನ್ನು ಹೇಗೆ ನೋಡಿದರು ಎಂಬುದನ್ನು ಮರೆಯುವುದಿಲ್ಲ. ಆ ನೆನಪು ಅವರಿಗೆ ದೇವರ ಕಡೆಗೆ ದಾರಿಯಾಗಲಿ, ಬಾಗಿಲಾಚೆ ನಿಂತ ನೋವಾಗದಿರಲಿ. ಆಮೆನ್.